ಎರಡು ಕೊಟ್ಟು ಒಂದು ಕೊಳ್ಳುವುದೇ?

ಕಾರನ್ನು ಕೊಟ್ಟು ರೆಫ್ರಿಜರೇಟರನ್ನು ಪಡೆದವರ ಸಂಗತಿಯೊಂದು ಮೋಟಾರು ವಾಹನಗಳ ಚರಿತ್ರೆಯಲ್ಲಿ ಬರುತ್ತದೆ. ಕಟ್ಟುಕತೆಯಂತೆ ಕೇಳಿಸಿದರೂ ಇದು ನಡೆದ ವಿಷಯ. ೧೯೫೦ರಲ್ಲಿ ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬ ಸಿರಿವಂತ, ಪಂದ್ಯದ ಕಾರುಗಳ ಹುಚ್ಚನ್ನು ತಲೆಗೇರಿಸಿಕೊಂಡಿದ್ದವನು, ಫ್ರಾನ್ಸಿನ ಬುಗಾಟಿ ಮನೆತನದಿಂದ ಎರಡು ‘ರೊಯಾಲ್’ ಕಾರುಗಳನ್ನು ಕೊಂಡನು. ಒಂದೊಂದಕ್ಕೂ ಕೊಟ್ಟ ಹಣ ಸುಮಾರು ೫೭೧ ಡಾಲರು. ಅದರ ಮೇಲೆ ಎರಡು ಹೊಸ ಜನರಲ್ ಎಲೆಕ್ಟ್ರಿಕ್ ರೆಫ್ರಿಜರೇಟರುಗಳು.

ಈ ರೊಯಾಲ್ ಎಂಬುದು ಸಾಮಾನ್ಯ ಕಾರಲ್ಲ. ರಾಜಮಹಾರಾಜರಿಗೆಂದೇ ಎತ್ತೋರೆ ಬುಗಾಟಿಯು ಕಟ್ಟಿದ, ಹನ್ನೆರಡು ಲೀಟರಿಗೂ ಮೀರಿದ ಇಂಜಿನಿನ ಆನೆಯಂಥ ವಾಹನ. ಕಟ್ಟಿದ್ದು ಆರು, ಮನೆಯ ಹೊರಗೆ ಮಾರಾಟವಾದದ್ದು ಮೂರು. ಕೊಂಡ ಮೂವರಲ್ಲಿ ಒಬ್ಬನೂ ರಾಜನಲ್ಲ! ಉಳಿದ ಇಂಜಿನುಗಳನ್ನು ಬುಗಾಟಿಯು ರೈಲಿನ ಬಂಡಿಗಳಿಗೆ ಜೋಡಿಸಿ ನಷ್ಟವನ್ನು ತುಂಬಿಕೊಂಡನು. ಮಹಾಯುದ್ಧದ ಕಾಲದಲ್ಲಿ ಜರ್ಮನರ ಕಣ್ಣಿಗೆ ಬೀಳದಿರಲೆಂದು ಮನೆಯವರು ತಮ್ಮಲ್ಲಿದ್ದ ಮೂರು ರೊಯಾಲ್‌ಗಳನ್ನು ಗೋಡೆ ಕಟ್ಟಿ ಮರೆಮಾಡಿದರು. ಯುದ್ಧ ಮುಗಿಯಿತು. ಮಗನಾದ ಜಾನ್ ಬುಗಾಟಿಯು ೧೯೩೯ರಲ್ಲಿಯೇ ಕಾರೊಂದನ್ನು ಪರೀಕ್ಷಿಸುತ್ತ ಮಡಿದಿದ್ದನು. ತಂದೆ ೧೯೪೭ರಲ್ಲಿ ಕಣ್ಮುಚ್ಚಿದನು. ಮನೆಯಲ್ಲಿ ಉಳಿದದ್ದು ಕೀರ್ತಿ, ಸಾಲ ಮತ್ತು ಚಲಿಸದೆ ನಿಂತ ಆನೆಗಳು. ಅಂದಿನ ಫ್ರಾನ್ಸಿನಲ್ಲಿ ರೆಫ್ರಿಜರೇಟರು ದುರ್ಲಭ ವಸ್ತು. ಮಗಳು ಲೆಬೆ ಬುಗಾಟಿಯು ವ್ಯಾಪಾರಕ್ಕೆ ಒಪ್ಪಿದಳು. ಆ ಎರಡರಲ್ಲಿ ಒಂದು ಕಾರು ೧೯೮೭ರಲ್ಲಿ ಲಂಡನ್ನಿನ ಹರಾಜಿನಲ್ಲಿ ೫೫ ಲಕ್ಷ ಪೌಂಡಿಗೆ ಹೋಯಿತೆಂಬುದನ್ನು ಓದಿದವರು, ಪಾಪ, ಆಕೆ ಮೋಸಹೋದಳೆಂದು ಮರುಗುವುದುಂಟು. ಆದರೆ ಯುದ್ಧದಲ್ಲಿ ಬಡವಾದ ಮನೆಯೊಂದರಲ್ಲಿ ಹಾಲು ಕೆಡದಂತೆ ಇಡುವ ಪೆಟ್ಟಿಗೆಗೆ ಆ ದಿನ ಇದ್ದ ಬೆಲೆಯನ್ನು ಮೂವತ್ತೇಳು ವರ್ಷಗಳ ಅನಂತರದ ಹರಾಜುಗಾರನು ಹೇಗೆ ತೂಗಿಯಾನು?

ಕೊಟ್ಟು ಕೊಳ್ಳುವ ಮಾತೆತ್ತಿದರೆ ಇಂಥ ದೊಡ್ಡವರ ಕತೆಗಳೇ ಮೊದಲು ನೆನಪಿಗೆ ಬರುತ್ತವೆ. ಆದರೆ ಕೊಡಲೋ ಬೇಡವೋ ಎಂಬ ತೊಳಲಾಟದ ನಿಜವಾದ ರುಚಿ ತಿಳಿದಿರುವುದು ನಡುತರದ ಸಂಸಾರಿಗೆ. ಕೋಟ್ಯಧೀಶನು ಒಂದರ ಮೇಲೊಂದು ಕೊಳ್ಳುತ್ತಾನೆ. ಅವನಿಗೆ ಕೊಡುವ ಕಷ್ಟವಿಲ್ಲ. ಸಂಸಾರಿಯು ಒಂದನ್ನು ಮನೆಗೆ ತರಬೇಕಾದರೆ ಇನ್ನೊಂದನ್ನು ಮನೆಯಿಂದ ಕಳುಹಿಸಬೇಕು.

೧೯೬೧ರ ವಸಂತದ ಇಂಗ್ಲೆಂಡಿನಲ್ಲಿ ಇಂಥವನೊಬ್ಬನನ್ನು ಊಹಿಸಿಕೊಳ್ಳೋಣ. ಹೆಸರು ಏನಾದರೂ ಇರಲಿ. ಅವನಂಥವರು ಆಗ ಊರಿಗೆ ನಾಲ್ವರಾದರೂ ಇದ್ದರು. ಅವನ ಮನೆಯ ಮಗ್ಗುಲಿನ ಕೊಟ್ಟಿಗೆಯಲ್ಲಿ ಎರಡು ಪುಟ್ಟ ಸ್ಪೋರ್ಟ್ಸ್ ಕಾರುಗಳು. ಒಂದು ಎಂ.ಜಿ.ಎ., ಇನ್ನೊಂದು ಟ್ರಯಂಫ್ ಟಿ.ಆರ್.೩. ಎಂ.ಜಿ.ಎ. ಕಾರಿನ ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಒಳಕ್ಕೆ ಕೈಯಿಟ್ಟು ಎಳೆದರೆ ಬಾಗಿಲು ತೆರೆಯುತ್ತದೆ. ಹೊಸದಾಗಿ ಮನೆಗೆ ಬಂದ ನೆಂಟರು ಹಿಡಿಯನ್ನು ಹುಡುಕಿ ಬೇಸ್ತುಬೀಳುವುದನ್ನು ನೋಡುವುದು ಮನೆಯವರಿಗೊಂದು ವಿನೋದ. ಟ್ರಯಂಫ್‌ನ ಬಾಗಿಲಾದರೋ ಮೊಣಕೈ ಇಳಿಬಿಡುವಷ್ಟು ತಗ್ಗಾಗಿ ಕೊರೆದದ್ದು. ಕುಳಿತಲ್ಲಿಂದಲೇ ಕೈಚಾಚಿ ನೆಲವನ್ನು ಮುಟ್ಟಬಹುದು. ಮಳೆ ಬಂದರೆ ಎರಡೂ ಸೋರುತ್ತವೆ. ಚಳಿಗಾಲದಲ್ಲಿ ಎರಡೂ ಹಲ್ಲು ಕಡಿಯುವಂತೆ ಮಾಡುತ್ತವೆ. ಕಾರ್ಬ್ಯುರೇಟರುಗಳು ಜೋಡಿ ಎತ್ತುಗಳಂತೆ ಸಮನಾಗಿ ಎಳೆಯದಿದ್ದರೆ ಇಂಜಿನು ಕೆಮ್ಮುತ್ತದೆ. ಭಾನುವಾರ ಬೆಳಗ್ಗೆ ತೋಳು ಮಡಿಸಿ, ಗಾಳಿಯ ಸೀಟಿಯನ್ನು ಕಿವಿಗೊಟ್ಟು ಕೇಳಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಅವನೇ ಅವನ್ನು ಸರಿಮಾಡುತ್ತಾನೆ. ಹೆಂಡತಿ ವಾಹನ ನಡೆಸುವುದನ್ನು ಕಲಿತದ್ದು ಎಂ.ಜಿ.ಎ.ಯಲ್ಲಿ. ಮಗನು ಮೊದಲ ಸಲ ಸಮುದ್ರವನ್ನು ಕಂಡದ್ದು ಟ್ರಯಂಫ್‌ನಲ್ಲಿ ತಾಯಿಯ ತೊಡೆಯ ಮೇಲೆ ಕುಳಿತು.

ಆ ಮಾರ್ಚ್ ತಿಂಗಳಿನಲ್ಲಿ ಜಿನೀವದಿಂದ ಸುದ್ದಿ ಬಂತು: ಜಾಗ್ವಾರ್ ಕಂಪೆನಿಯು ‘ಈ-ಟೈಪ್’ ಎಂಬ ಕಾರನ್ನು ಹೊರತಂದಿದೆ!

ಆ ಸುದ್ದಿಯ ಹಿಂದೆಯೂ ಒಂದು ಸ್ವಾರಸ್ಯವಿದೆ. ಪ್ರದರ್ಶನಕ್ಕೆ ಬಂದವರನ್ನು ಕೂರಿಸಿಕೊಂಡು ಓಡಿಸಿ ತೋರಿಸಲು ತಂದ ಒಂದು ಕಾರು ಸಾಲದಾಯಿತು. ಜನ ಮುಗಿಬಿದ್ದರು. ಇನ್ನೊಂದು ಕಾರನ್ನು ಕೂಡಲೇ ತರಬೇಕೆಂದು ಕಾವೆಂಟ್ರಿಗೆ ಆಜ್ಞೆ ಹೋಯಿತು. ಅಲ್ಲಿಯ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕೈಗೆ ಸಿಕ್ಕ ತೆರೆದ ಕಾರನ್ನೇರಿ ಹೊರಟವನು, ಹಡಗಿನಲ್ಲಿ ಕಡಲನ್ನು ದಾಟಿ, ರಾತ್ರಿಯೆಲ್ಲ ಫ್ರಾನ್ಸನ್ನು ಸೀಳಿಕೊಂಡು ಹೋಗಿ ಬೆಳಗ್ಗೆ ಜಿನೀವದಲ್ಲಿ ನಿಂತನು. ಕಂಪೆನಿಯು ಹೇಳಿಕೊಂಡ ವೇಗ ಗಂಟೆಗೆ ೧೫೦ ಮೈಲಿ. ಇಂಜಿನಿನ ಬಲ ೨೬೫ ಅಶ್ವಶಕ್ತಿ. ಅಷ್ಟು ಓಡುವ ಇಟಲಿಯ ಕಾರುಗಳ ಬೆಲೆಯನ್ನು ಕೇಳಿದರೆ ಸಾಮಾನ್ಯನಿಗೆ ತಲೆ ತಿರುಗುತ್ತಿತ್ತು. ಇದರ ಬೆಲೆಯಾದರೋ ಇಂಗ್ಲೆಂಡಿನಲ್ಲಿ ತೆರಿಗೆಯೂ ಸೇರಿ ೨,೧೦೦ ಪೌಂಡಿನ ಆಸುಪಾಸು. ಎಂದರೆ ಎಂ.ಜಿ.ಎ.ಯ ಎರಡರಷ್ಟಕ್ಕೆ ಸ್ವಲ್ಪ ಮೇಲೆ.

ಸಂಕಟ ಹುಟ್ಟುವುದು ಇಲ್ಲಿಯೇ. ಕನಸು ಆಕಾಶದಲ್ಲಿರುವಷ್ಟು ಕಾಲ ಮನುಷ್ಯನು ನೆಮ್ಮದಿಯಾಗಿರುತ್ತಾನೆ. ಫೆರಾರಿಯ ಚಿತ್ರವನ್ನು ಗೋಡೆಗೆ ಅಂಟಿಸಿದವನಿಗೆ ನಿದ್ರೆ ಕೆಡುವುದಿಲ್ಲ. ಕನಸು ಅಟ್ಟದವರೆಗೆ ಇಳಿದು ಬಂದು, ಏಣಿಯೊಂದಿದ್ದರೆ ಸಿಕ್ಕೀತು ಎನ್ನುವಾಗ ಕಾಲು ನಿಲ್ಲುವುದಿಲ್ಲ. ಅವನು ಕಾಗದವನ್ನು ತೆಗೆದು ಲೆಕ್ಕ ಹಾಕುತ್ತಾನೆ. ಎರಡು ಕಾರುಗಳನ್ನೂ ಮಾರಿದರೆ ಇಷ್ಟು. ಉಳಿತಾಯದ ಹಣ ಇಷ್ಟು. ಎರಡರ ವಿಮೆ ಉಳಿಯುತ್ತದೆ, ಆದರೆ ಆ ಒಂದರ ವಿಮೆ ಇವೆರಡನ್ನೂ ನುಂಗುತ್ತದೆ. ಲೆಕ್ಕವು ಒಂದು ರಾತ್ರಿ ಕೂಡಿಬರುತ್ತದೆ, ಮರುದಿನ ಬೆಳಗಿಗೆ ಕೂಡಿಬರುವುದಿಲ್ಲ. ಲೆಕ್ಕದ ಕಾಗದದಲ್ಲಿ ಸಮುದ್ರ ಕಂಡ ಮಗುವಿಗೆ ಅಂಕಣವಿಲ್ಲ.

ಇಂಥ ಸಮಯದಲ್ಲಿ ಮನೆಯಾಕೆಯ ಮಾತು ಮುಖ್ಯವಾಗುತ್ತದೆ. ಬಹುಮಟ್ಟಿಗೆ ಆಕೆ ಬೇಡವೆನ್ನುವುದಿಲ್ಲ. “ಅದರಲ್ಲಿ ಎಷ್ಟು ಜನ ಕೂರಬಹುದು?” ಎಂದು ಕೇಳುತ್ತಾಳೆ, ಅಷ್ಟೆ. ಇಬ್ಬರು ಎಂಬ ಉತ್ತರ ಆಕೆಗೆ ಮೊದಲೇ ಗೊತ್ತು. ಈಗಿನ ಎರಡು ಕಾರುಗಳಲ್ಲಿ ತಲಾ ಇಬ್ಬರಂತೆ ನಾಲ್ವರು ಹೋಗಬಹುದೆಂಬ ಲೆಕ್ಕವನ್ನು ಆಕೆ ಬಾಯಿಬಿಟ್ಟು ಹೇಳುವುದಿಲ್ಲ.

ಕನಸಿನ ಕಾರಿಗೂ ದೋಷಗಳುಂಟು. ಈ-ಟೈಪಿನ ಮೊದಮೊದಲ ಕಾರುಗಳಲ್ಲಿ ಉದ್ದ ಕಾಲಿನವರಿಗೆ ಪಾದ ಚಾಚಲು ಎಡೆಯಿರಲಿಲ್ಲ. ಅನಂತರ ಕಂಪೆನಿಯವರೇ ನೆಲವನ್ನು ತಗ್ಗಿಸಿದರು. ಗೇರುಪೆಟ್ಟಿಗೆ ಹಳೆಯ ಕಾಲದ ಮೊಂಡು ಜಾತಿಯದು. ಮೊದಲ ಗೇರನ್ನು ಆತುರದಿಂದ ಹಾಕಿದರೆ ಹಲ್ಲುಗಳು ಕಿರುಗುಟ್ಟುತ್ತಿದ್ದವು. ಗಾಜಿನ ಹೊದಿಕೆಯೊಳಗೆ ಅಂದವಾಗಿ ಹುದುಗಿದ್ದ ದೀಪಗಳು ನೋಡಲು ಚೆಲುವು, ರಾತ್ರಿ ದಾರಿ ತೋರಿಸಲು ಮಂಕು. ಇವೆಲ್ಲವನ್ನೂ ಪತ್ರಿಕೆಗಳಲ್ಲಿ ಓದಿದ ಮೇಲೂ ಅವನು ಅಂಗಡಿಯ ಗಾಜಿನ ಮುಂದೆ ನಿಲ್ಲುವುದನ್ನು ಬಿಡುವುದಿಲ್ಲ. ದೋಷಗಳನ್ನು ಎಣಿಸಿ ಪ್ರೀತಿಯನ್ನು ಕಳೆಯುವ ಗಣಿತವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವಷ್ಟೆ. ಅವನ ಹಳೆಯ ಕಾರುಗಳ ಮಾತೂ ಅದೇ. ಸೋರುವ ಟ್ರಯಂಫ್ ಅನ್ನು ಅವನು ಸೋರದ ಕಾರಿಗಾಗಿ ಬಿಡಬೇಕೆಂದಿಲ್ಲ. ಸೋರುತ್ತದೆಯೆಂದೇ ಅದರ ಮೈಯ ಒಂದೊಂದು ಸಂದೂ ಅವನಿಗೆ ಗೊತ್ತು.

ಇನ್ನೊಂದು ಮಾತನ್ನು ವೇಗದ ಹುಚ್ಚಿನವರು ಒಪ್ಪುವುದಿಲ್ಲವಾದರೂ ಹೇಳಬೇಕು. ಪುಟ್ಟ ಕಾರು ಅರುವತ್ತು ಮೈಲಿಯಲ್ಲಿ ಓಡುವಾಗ ತನ್ನ ಶಕ್ತಿಯನ್ನೆಲ್ಲ ವ್ಯಯಿಸುತ್ತಿರುತ್ತದೆ. ತಿರುವಿನಲ್ಲಿ ಚಕ್ರಗಳು ನೆಲವನ್ನು ಬಿಗಿಹಿಡಿಯುವುದು, ಹಿಡಿತ ಸಡಿಲುವುದು ಕೈಗೆ ತಿಳಿಯುತ್ತದೆ. ಚಾಲಕನೂ ಯಂತ್ರವೂ ಜೊತೆಯಾಗಿ ಬೆವರುತ್ತಾರೆ. ಅದೇ ಅರುವತ್ತರಲ್ಲಿ ಈ-ಟೈಪ್ ಅರೆನಿದ್ರೆಯಲ್ಲಿರುತ್ತದೆ. ಅದನ್ನು ಎಚ್ಚರಿಸಬೇಕಾದರೆ ನೂರನ್ನು ದಾಟಬೇಕು. ದಾಟುವುದಕ್ಕೆ ರಸ್ತೆ ಬೇಕು, ಎದೆ ಬೇಕು. ಇಂಗ್ಲೆಂಡಿನ ಮೊದಲ ದೀರ್ಘ ಮೋಟಾರುಮಾರ್ಗವಾದ ಎಂ-೧ ತೆರೆದದ್ದು ೧೯೫೯ರಲ್ಲಿ. ಅದರ ಮೇಲೆ ವೇಗಮಿತಿಯಿರಲಿಲ್ಲ. ೧೯೬೫ರ ಕೊನೆಯಲ್ಲಿ ೭೦ ಮೈಲಿಯ ಮಿತಿ ಬಂತು. ನೂರೈವತ್ತರ ಕನಸು ಕಂಡು ಕಾರು ಕೊಂಡವರಿಗೆ ಅದರ ಅರ್ಧವೂ ದಕ್ಕದಂತಾಯಿತು.

ಮಾರಿದವರೆಲ್ಲ ಕೆಟ್ಟರು, ಇಟ್ಟುಕೊಂಡವರೆಲ್ಲ ಬದುಕಿದರು ಎಂದು ಬೆಲೆಯ ಪಟ್ಟಿಯನ್ನು ಹಿಡಿದು ಬುದ್ಧಿ ಹೇಳುವವರು ಈಗ ಬಹಳ. ಅವರ ಬತ್ತಳಿಕೆಯಲ್ಲಿ ಸದಾ ಇರುವ ಬಾಣವೆಂದರೆ ಫೆರಾರಿಯ ೨೫೦ ಜಿ.ಟಿ.ಓ. ಕಾರಿನ ಕತೆ. ೧೯೬೨ರಿಂದ ೧೯೬೪ರವರೆಗೆ ಈ ಜಾತಿಯ ಕಾರುಗಳು ಕಟ್ಟಲ್ಪಟ್ಟದ್ದು ಮೂವತ್ತಾರು. ಹಣವಿದ್ದರೂ ಸಾಲದು, ಕೊಳ್ಳುವವನನ್ನು ಎಂಜೊ ಫೆರಾರಿ ಒಪ್ಪಬೇಕಾಗಿತ್ತು. ಅಂಥ ಕಾರುಗಳಲ್ಲಿ ಒಂದು, ಇಂಗ್ಲೆಂಡಿನಲ್ಲಿ ಪಂದ್ಯಗಳನ್ನು ಓಡಿ ದಣಿದು, ಅಮೆರಿಕದ ಟೆಕ್ಸಸ್ ಪ್ರಾಂತದ ಒಂದು ಹೈಸ್ಕೂಲಿಗೆ ದಾನವಾಗಿ ಬಂತು. ಯಂತ್ರಶಿಕ್ಷಣದ ತರಗತಿಯ ಹುಡುಗರು ಅದನ್ನು ಬಿಚ್ಚಿ ಜೋಡಿಸಿ ಪಾಠ ಕಲಿತರು. ೧೯೭೨ರಲ್ಲಿ ಶಾಲೆಯವರು ಅದನ್ನು ೬,೫೦೦ ಡಾಲರಿಗೆ ಮಾರಿದರು. ಕೊಂಡವನು ಓಹಾಯೊ ಪ್ರಾಂತದ ಒಂದು ಬಯಲಿನಲ್ಲಿ ಎಳೆಬಂಡಿಯ ಮೇಲೆಯೇ ಅದನ್ನು ಬಿಟ್ಟನು. ಮಳೆ, ಹಿಮ, ಬಿಸಿಲು ಎನ್ನದೆ ೧೯೮೬ರವರೆಗೆ ಅಲ್ಲಿಯೇ ನಿಂತಿತ್ತು. ಅದರ ಒಡಹುಟ್ಟಿದ ಇನ್ನೊಂದು ಜಿ.ಟಿ.ಓ. ೨೦೧೮ರಲ್ಲಿ ಕ್ಯಾಲಿಫೋರ್ನಿಯದ ಹರಾಜಿನಲ್ಲಿ ತಂದ ಹಣ ೪ ಕೋಟಿ ೮೪ ಲಕ್ಷ ಡಾಲರು!

ಆದರೆ ಈ ಬಾಣ ಗುರಿಗೆ ತಾಗುವುದಿಲ್ಲ. ೧೯೭೨ರಲ್ಲಿ ಅದು ಒಂದು ಹಳೆಯ ಪಂದ್ಯದ ಕಾರು. ಪಂದ್ಯಕ್ಕೆ ಬಾರದ ಪಂದ್ಯದ ಕಾರಿಗೆ ಮುದಿ ಎತ್ತಿನ ಬೆಲೆ. ಶಾಲೆಯವರು ಆ ಹಣದಿಂದ ಹುಡುಗರಿಗೆ ಏನಾದರೂ ಕೊಡಿಸಿದ್ದರೆ ಅದು ಅಂದಿನ ಧರ್ಮವೇ. ಮುಂದೆಂದೋ ಕೋಟಿಯಾಗಲಿರುವುದನ್ನು ಕಾಯುತ್ತ ಕುಳಿತಿದ್ದರೆ ಪ್ರಪಂಚದಲ್ಲಿ ಯಾವ ಸಂಸಾರವೂ ನಡೆಯುತ್ತಿರಲಿಲ್ಲ. ಇಷ್ಟಕ್ಕೂ ಎಂ.ಜಿ.ಎ. ಕಾರುಗಳು ಏಳು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಮೇಲೆ ತಯಾರಾದುವು, ಈ-ಟೈಪುಗಳು ಎಪ್ಪತ್ತು ಸಾವಿರಕ್ಕೂ ಮೇಲೆ. ಎರಡೂ ಬುಗಾಟಿಗಳಾಗಲಿಲ್ಲ. ನಮ್ಮ ಸಂಸಾರಿಯು ಯಾವುದನ್ನು ಇಟ್ಟುಕೊಂಡರೂ ಯಾವುದನ್ನು ಕೊಟ್ಟರೂ ಅವನ ಮೊಮ್ಮಕ್ಕಳು ಅರಮನೆ ಕಟ್ಟಿಸುತ್ತಿರಲಿಲ್ಲ.

ಕೊಡದೆಯೇ ಕೊಳ್ಳುತ್ತ ಹೋದವನ ಕತೆ ಬೇರೆ. ಫ್ರಾನ್ಸಿನ ಮುಲೂಜ್ ಪಟ್ಟಣದ ಸುತ್ತ ಉಣ್ಣೆಯ ಗಿರಣಿಗಳನ್ನು ನಡೆಸುತ್ತಿದ್ದ ಶ್ಲುಂಪ್ಫ್ ಸಹೋದರರಲ್ಲಿ ಫ್ರಿಟ್ಸ್ ಎಂಬವನಿಗೆ ಬುಗಾಟಿಗಳ ಮೇಲೆ ಅಳತೆಮೀರಿದ ಮೋಹ. ಪ್ರಪಂಚದಲ್ಲಿ ಯಾರ ಯಾರ ಬಳಿ ಬುಗಾಟಿ ಕಾರುಗಳಿವೆಯೋ ಅವರಿಗೆಲ್ಲ ಕಾಗದ ಬರೆದನು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಜಾನ್ ಶೇಕ್ಸ್‌ಪಿಯರ್ ಎಂಬ ಸಂಗ್ರಾಹಕನಿದ್ದನು. ನಾಟಕಕ್ಕೂ ಅವನಿಗೂ ಸಂಬಂಧವಿಲ್ಲ. ಅವನ ಬಳಿ ಮೂವತ್ತು ಬುಗಾಟಿಗಳು. ಅವುಗಳಲ್ಲಿ ಒಂದು ರೊಯಾಲ್. ಚೌಕಾಸಿ ಬಹಳ ಕಾಲ ನಡೆದು ಮೂವತ್ತನ್ನೂ ೮೫,೦೦೦ ಡಾಲರಿಗೆ ಕೊಡುವುದೆಂದಾಯಿತು. ೧೯೬೪ರ ಮಾರ್ಚ್ ಕೊನೆಯಲ್ಲಿ ಆ ಕಾರುಗಳನ್ನು ರೈಲಿನ ತೆರೆದ ಬಂಡಿಗಳ ಮೇಲೇರಿಸಿದರು. ಸಾಲಾಗಿ ನಿಂತ ಮೂವತ್ತು ಬುಗಾಟಿಗಳು ಅಮೆರಿಕದ ಹೊಲಗಳ ನಡುವೆ ಬಂದರಿನ ಕಡೆಗೆ ಸಾಗಿದುವು. ಒಬ್ಬನು ಎಲ್ಲವನ್ನೂ ಕೊಟ್ಟು ಹಗುರಾದನು. ಇನ್ನೊಬ್ಬನು ಎಲ್ಲವನ್ನೂ ಕೊಂಡು ಹೊರೆ ಹೊತ್ತನು.

ಫ್ರಿಟ್ಸ್ ಶ್ಲುಂಪ್ಫ್‌ನು ಮುಲೂಜ್‌ನ ಹಳೆಯ ಗಿರಣಿಯೊಂದನ್ನು ಕಾರುಗಳ ಗುಪ್ತ ಅರಮನೆಯನ್ನಾಗಿ ಮಾಡಿದನು. ಪ್ಯಾರಿಸಿನ ಮೂರನೆಯ ಅಲೆಕ್ಸಾಂಡರ್ ಸೇತುವೆಯ ಮೇಲಿರುವಂಥ ದೀಪಸ್ತಂಭಗಳನ್ನೇ ನೂರುಗಟ್ಟಲೆ ಮಾಡಿಸಿ ಒಳಗೆ ಸಾಲಾಗಿ ನಿಲ್ಲಿಸಿದನು. ನಾನೂರಕ್ಕೂ ಮೇಲೆ ಕಾರುಗಳು, ಅವುಗಳಲ್ಲಿ ನೂರಕ್ಕೂ ಹೆಚ್ಚು ಬುಗಾಟಿಗಳು. ಗಿರಣಿಗಳು ಇತ್ತ ಸೋಲುತ್ತ ಬಂದುವು. ೧೯೭೬ರಲ್ಲಿ ಕೆಲಸಗಾರರನ್ನು ತೆಗೆದುಹಾಕತೊಡಗಿದರು, ಗಲಭೆಯಾಯಿತು, ಸಹೋದರರು ಸ್ವಿಟ್ಸರ್ಲೆಂಡಿಗೆ ಹೊರಟುಹೋದರು. ೧೯೭೭ರ ಮಾರ್ಚ್ ೭ರಂದು ಕೆಲಸಗಾರರು ಬಾಗಿಲನ್ನು ತೆರೆಸಿ ಒಳಗೆ ನುಗ್ಗಿದಾಗ, ತಮ್ಮ ಹೊಟ್ಟೆಯ ಮೇಲೆ ಬಿದ್ದ ಹೊಡೆತ ಎಲ್ಲಿಂದ ಬಂತೆಂಬುದು ದೀಪಗಳ ಸಾಲಿನ ಕೆಳಗೆ ಹೊಳೆಯುತ್ತ ನಿಂತಿತ್ತು. ಸುಮಾರು ಎರಡು ವರ್ಷ ಕಾಲ ಅವರೇ ಆ ಸ್ಥಳವನ್ನು ಹಿಡಿದುಕೊಂಡು ಜನರಿಗೆ ತೋರಿಸಿದರು. ೧೯೮೨ರಲ್ಲಿ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಶೇಕ್ಸ್‌ಪಿಯರನ ರೊಯಾಲ್ ಇರುವುದು ಅಲ್ಲಿಯೇ.

ಕನಸಿನ ಕಾರಿಗೆ ಬೆಲೆ ಕೊಡುವವನು ಕೊಳ್ಳುವವನೇ ಆಗಿರಬೇಕೆಂಬ ನಿಯಮವಿಲ್ಲ. ಸಂಸಾರಿಯ ಮನೆಯಲ್ಲಾದರೆ ಹೆಂಡತಿ ಮಕ್ಕಳು ಒಂದಿಷ್ಟನ್ನು ಕೊಡುತ್ತಾರೆ; ಗಿರಣಿಯ ಧಣಿಯ ಮನೆಯಲ್ಲಾದರೆ ನೂಲು ತೆಗೆಯುವವರು.

ಇದಕ್ಕೆಲ್ಲ ವಿಲಕ್ಷಣವಾದ ದಾರಿಯನ್ನು ಹಿಡಿದವನೆಂದರೆ ಫೆರುಚ್ಚೊ ಲಂಬೋರ್ಗಿನಿ. ಇಟಲಿಯ ಚೆಂತೊ ಪಟ್ಟಣದ ಬಳಿಯ ರೆನಾತ್ಸೊ ಎಂಬ ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆಯುವ ರೈತರ ಮನೆಯಲ್ಲಿ, ೧೯೧೬ರಲ್ಲಿ ಹುಟ್ಟಿದನು. ಹೊಲಕ್ಕಿಂತ ಯಂತ್ರದ ಮೇಲೆ ಆಸೆ. ಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿದ್ದ ಸೈನ್ಯದ ವಾಹನಗಳನ್ನು ರಿಪೇರಿ ಮಾಡುವ ಕೆಲಸ ಅವನ ಪಾಲಿಗೆ ಬಂತು. ಬಿಡಿಭಾಗಗಳು ದೊರೆಯದ ದ್ವೀಪದಲ್ಲಿ, ಇದ್ದುದರಿಂದಲೇ ಇಲ್ಲದ್ದನ್ನು ಮಾಡುವ ವಿದ್ಯೆ ಕೈಗೂಡಿತು. ಊರಿಗೆ ಮರಳಿದ ಮೇಲೆ, ಯುದ್ಧ ಮುಗಿದು ಮೂಲೆಗೆ ಬಿದ್ದ ಸೈನ್ಯದ ವಾಹನಗಳ ಭಾಗಗಳಿಂದ ಟ್ರ್ಯಾಕ್ಟರುಗಳನ್ನು ಕಟ್ಟಿ ರೈತರಿಗೆ ಮಾರತೊಡಗಿದನು. ದುಬಾರಿ ಪೆಟ್ರೋಲಿನಿಂದ ಇಂಜಿನನ್ನು ಎಬ್ಬಿಸಿ ಅಗ್ಗದ ಎಣ್ಣೆಯಿಂದ ನಡೆಸುವ ಉಪಾಯವನ್ನು ಅವುಗಳಿಗೆ ಅಳವಡಿಸಿದನು. ೧೯೪೮ರಲ್ಲಿ ಪುಟ್ಟ ಫಿಯಟ್ ತೊಪೊಲಿನೊ ಕಾರಿನ ಇಂಜಿನನ್ನು ಹಿಗ್ಗಿಸಿ ‘ಮಿಲ್ಲೆ ಮಿಲ್ಯ’ ಎಂಬ ಸಾವಿರ ಮೈಲಿಯ ಪಂದ್ಯಕ್ಕೂ ಇಳಿದನು. ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿದ ಮೇಲೆ ಕಾರು ರಸ್ತೆಬದಿಯ ಹೋಟಲೊಂದರ ಗೋಡೆಗೆ ನುಗ್ಗಿತು. ಪಂದ್ಯದ ಆಸೆ ಅಲ್ಲಿಗೆ ತೀರಿತು. ವೇಗದ ಕಾರಿನ ಆಸೆ ತೀರಲಿಲ್ಲ.

ಟ್ರ್ಯಾಕ್ಟರುಗಳು ಹಣ ತಂದುವು. ಹಣ ಕಾರುಗಳನ್ನು ತಂದಿತು. ಆಲ್ಫಾ ರೋಮಿಯೊ, ಲಾಂಚಿಯಾ, ಮರ್ಸೆಡಿಸ್ ೩೦೦ ಎಸ್.ಎಲ್., ಮಾಸೆರಾಟಿ, ನಮ್ಮ ಸಂಸಾರಿಯು ಗಾಜಿನಾಚೆಯಿಂದ ನೋಡಿದ ಆ ಜಾಗ್ವಾರ್ ಈ-ಟೈಪ್, ಎಲ್ಲಕ್ಕೂ ಮೇಲೆ ಒಂದಲ್ಲ ಹಲವು ಫೆರಾರಿಗಳು. ವಾರದ ಒಂದೊಂದು ದಿನಕ್ಕೂ ಒಂದೊಂದು ಕಾರು ಎನ್ನುವಂತಿತ್ತು. ಆದರೂ ಅವನ ಮನಸ್ಸು ತುಂಬಲಿಲ್ಲ. ಒಂದರಲ್ಲಿ ಬಲವಿದ್ದರೆ ಸುಖವಿಲ್ಲ, ಸುಖವಿದ್ದರೆ ಬಲವಿಲ್ಲ. ಫೆರಾರಿ ಚೆನ್ನಾಗಿ ಓಡುತ್ತದೆ, ಆದರೆ ಗದ್ದಲ ಹೆಚ್ಚು, ಒಳಗಿನ ಕೆಲಸ ಒರಟು, ಕ್ಲಚ್ಚು ಪದೇಪದೇ ಕೆಡುತ್ತದೆ ಎಂಬುದು ಅವನ ದೂರು. ಕೆಟ್ಟ ಕ್ಲಚ್ಚನ್ನು ತನ್ನ ಕಾರ್ಖಾನೆಯಲ್ಲಿಯೇ ಬಿಚ್ಚಿಸಿ ನೋಡಿದಾಗ ಅದು ತನ್ನ ಟ್ರ್ಯಾಕ್ಟರುಗಳಿಗೆ ಹಾಕುವಂಥದೇ ಆಗಿತ್ತೆಂದು ಅವನು ಹೇಳುತ್ತಿದ್ದನು. ದೂರನ್ನು ಹೊತ್ತು ಎಂಜೊ ಫೆರಾರಿಯ ಬಳಿಗೆ ಹೋದನೆಂದೂ, ಟ್ರ್ಯಾಕ್ಟರು ನಡೆಸುವವನಿಗೆ ಫೆರಾರಿಯ ಗೊಡವೆ ಏಕೆಂಬ ಅರ್ಥದ ಮಾತು ಅಲ್ಲಿ ಕೇಳಿಬಂತೆಂದೂ ಕತೆ. ಇದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಅವಮಾನದಿಂದ ಸಾಹಸ ಹುಟ್ಟಿತೆಂದರೆ ಕೇಳಲು ಸೊಗಸು. ಟ್ರ್ಯಾಕ್ಟರು ಮಾರುವವನಿಗೆ ಕಾರಿನ ವ್ಯಾಪಾರದಲ್ಲಿ ಲಾಭ ಕಾಣಿಸಿತೆಂಬುದೂ ಸುಳ್ಳಲ್ಲ.

ಅಂತೂ ನಿಶ್ಚಯವಾಯಿತು. ಮೆಚ್ಚಿದ ಕಾರುಗಳೆಲ್ಲ ಅಂಗಳದಲ್ಲಿರುವಾಗಲೇ, ಅವುಗಳಲ್ಲಿ ಯಾವುದೂ ಅಲ್ಲದ, ಯಾವ ಅಂಗಡಿಯಲ್ಲಿಯೂ ಸಿಗದ ಒಂದು ಕಾರಿಗಾಗಿ ಅವನು ಟ್ರ್ಯಾಕ್ಟರು ಗಳಿಸಿಕೊಟ್ಟ ಹಣವನ್ನು ಪಣವಿಟ್ಟನು. ೧೯೬೩ರಲ್ಲಿ ಸಾಂತಾಗಾತ ಬೊಲೊಞೇಸೆ ಎಂಬಲ್ಲಿ ಕಾರ್ಖಾನೆ ಎದ್ದಿತು. ಫೆರಾರಿಯನ್ನು ಬಿಟ್ಟುಬಂದಿದ್ದ ಜೊತ್ತೊ ಬಿತ್ಸರಿನಿ ಹನ್ನೆರಡು ಸಿಲಿಂಡರುಗಳ ಇಂಜಿನನ್ನು ರೂಪಿಸಿದನು. ಫೆರಾರಿಯ ಇಂಜಿನಿಗಿಂತ ಎಷ್ಟು ಅಶ್ವಶಕ್ತಿ ಹೆಚ್ಚಾಗುತ್ತದೆಯೋ ಅಷ್ಟಕ್ಕೂ ಅವನಿಗೆ ಬಹುಮಾನದ ಹಣವೆಂದು ಕರಾರಾಗಿತ್ತಂತೆ! ಹಾಗಾಗಿ ಇಂಜಿನು ಪಂದ್ಯದ ಕುದುರೆಯಾಗಿ ಹುಟ್ಟಿತು. ಧಣಿಗೆ ಬೇಕಾಗಿದ್ದದ್ದು ಸಂಭಾವಿತರ ಸವಾರಿಯ ಕುದುರೆ. ಅದನ್ನು ಪಳಗಿಸುವ ಕೆಲಸ ಇಪ್ಪತ್ತೇಳರ ಹರೆಯದ ಜಾನ್ ಪಾವ್ಲೊ ದಲ್ಲಾರನ ಪಾಲಿಗೆ ಬಂತು.

ಆ ವರ್ಷದ ಟ್ಯೂರಿನ್ ಪ್ರದರ್ಶನದಲ್ಲಿ ಮೊದಲ ಕಾರನ್ನು ಇಟ್ಟಾಗ ನಡೆದ ಪ್ರಸಂಗ ಯಾವ ಪ್ರಹಸನಕ್ಕೂ ಕಡಮೆಯಲ್ಲ. ಇಂಜಿನು ಮೈಯೊಳಗೆ ಹಿಡಿಸಲೇ ಇಲ್ಲ. ಕಾರು ಸಮತೂಕದಲ್ಲಿ ನಿಲ್ಲಲೆಂದು ಮುಂಭಾಗದಲ್ಲಿ ಇಟ್ಟಿಗೆಗಳನ್ನು ತುಂಬಿ, ಮುಚ್ಚಳವನ್ನು ಎತ್ತದೆಯೇ ಜನರಿಗೆ ತೋರಿಸಿದರು. ನೋಡಿದವರು ಮೆಚ್ಚಿ ತಲೆದೂಗಿದರು. ಕನಸಿನ ಕಾರಿನೊಳಗೆ ಇಟ್ಟಿಗೆಯಿದ್ದದ್ದು ಧಣಿಗೆ ಮಾತ್ರ ಗೊತ್ತು.

ಮರುವರ್ಷ ‘೩೫೦ ಜಿ.ಟಿ.’ ನಿಜವಾಗಿ ರಸ್ತೆಗೆ ಇಳಿಯಿತು. ಆ ವರ್ಷ ಮಾರಿದ್ದು ಹದಿಮೂರು. ಫೆರಾರಿಯ ಬೆಲೆಗೆ ಸರಿದೂಗಿಸಲು ನಷ್ಟದಲ್ಲಿಯೇ ಮಾರಿದರೆಂದು ಹೇಳುತ್ತಾರೆ. ೧೯೬೬ರ ಜಿನೀವ ಪ್ರದರ್ಶನಕ್ಕೆ ‘ಮಿಯೂರ’ ಬಂತು. ಹನ್ನೆರಡು ಸಿಲಿಂಡರುಗಳ ಇಂಜಿನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಮಲಗಿತ್ತು; ಮೈಕಟ್ಟು ಬೆರ್ತೊನೆ ಸಂಸ್ಥೆಯದು. ತರುಣ ಇಂಜಿನಿಯರುಗಳು ಕೆಲಸದ ಹೊತ್ತು ಮುಗಿದ ಮೇಲೆ ರಾತ್ರಿಯ ವೇಳೆಯಲ್ಲಿ ಅದನ್ನು ಕಲ್ಪಿಸಿದ್ದರು. ಸ್ಪೇನಿನಲ್ಲಿ ಕಾಳಗದ ಹೋರಿಗಳನ್ನು ಸಾಕುವ ಮನೆತನವೊಂದರ ಹೆಸರು ಅದಕ್ಕೆ. ಆರೇಳು ವರ್ಷಗಳಲ್ಲಿ ೭೬೦ಕ್ಕೂ ಹೆಚ್ಚು ತಯಾರಾದುವು. ಪ್ರಪಂಚದ ಗೋಡೆಗಳ ಮೇಲೆ ಫೆರಾರಿಯ ಚಿತ್ರದ ಪಕ್ಕದಲ್ಲಿ ಇನ್ನೊಂದು ಚಿತ್ರ ಏರಿತು.

ಒಳ್ಳೆಯ ಕಾಲ ಬಹಳ ದಿನ ಉಳಿಯಲಿಲ್ಲ. ಕಾರ್ಖಾನೆಗಳಲ್ಲಿ ಮುಷ್ಕರಗಳು ಬಂದುವು. ಬೊಲಿವಿಯ ದೇಶದಿಂದ ಬಂದಿದ್ದ ಟ್ರ್ಯಾಕ್ಟರುಗಳ ದೊಡ್ಡ ಬೇಡಿಕೆ, ಅಲ್ಲಿಯ ಸರಕಾರ ಬದಲಾದಾಗ ಮುರಿದುಬಿತ್ತು. ಕಾರಿನ ಕನಸನ್ನು ಹೊತ್ತಿದ್ದದ್ದು ಟ್ರ್ಯಾಕ್ಟರಿನ ಹೆಗಲು. ಹೆಗಲು ಕುಸಿದಾಗ ಕನಸು ನೆಲಕ್ಕಿಳಿಯಬೇಕಾಯಿತು. ೧೯೭೨ರಲ್ಲಿ ಕಾರು ಕಂಪೆನಿಯ ೫೧ ಪಾಲು ಸ್ವಿಸ್ ಸಿರಿವಂತನೊಬ್ಬನಿಗೆ ಹೋಯಿತು. ೧೯೭೩ರಲ್ಲಿ ಟ್ರ್ಯಾಕ್ಟರಿನ ಕಂಪೆನಿ ಕೈಬಿಟ್ಟಿತು. ೧೯೭೪ರಲ್ಲಿ ಕಾರಿನ ಉಳಿದ ೪೯ ಪಾಲನ್ನೂ ಮಾರಿದನು. ಬಾಗಿಲ ಮೇಲಿನ ಹೆಸರು ಮಾತ್ರ ಅವನದಾಗಿ ಉಳಿಯಿತು.

ಆಗ ಅವನಿಗೆ ಐವತ್ತೆಂಟು ವರ್ಷ. ನಡು ಇಟಲಿಯಲ್ಲಿ ತ್ರಾಸಿಮೇನೊ ಸರೋವರದ ಬಳಿ ಪಾನಿಕಾರೊಲ ಎಂಬ ಹಳ್ಳಿಯಲ್ಲಿ ಜಮೀನಿತ್ತು. ಅಲ್ಲಿಗೆ ಹೋಗಿ ನೆಲೆಸಿ, ತಂದೆತಾಯಿಗಳು ಮಾಡುತ್ತಿದ್ದ ಬೇಸಾಯವನ್ನೇ ಕೈಗೆತ್ತಿಕೊಂಡನು. ೧೯೯೩ರಲ್ಲಿ ತೀರಿಕೊಳ್ಳುವವರೆಗೂ ದ್ರಾಕ್ಷಿಯ ತೋಟ ಅವನ ಜೊತೆಗಿತ್ತು. ಆ ತೋಟದ ಕೆಂಪು ದ್ರಾಕ್ಷಾರಸವನ್ನು ಸೀಸೆಗಳಲ್ಲಿ ತುಂಬಿ ಮಾರುವಾಗ ಅದಕ್ಕೊಂದು ಹೆಸರು ಬೇಕಾಯಿತು. ಅವನು ಇಟ್ಟ ಹೆಸರು ‘ಮಿಯೂರದ ರಕ್ತ’ ಎಂದು.